ತಿರುಗಿಸಿದರೂ ವಿಕಟಕವಿ

ವಾನ್‌ನಲ್ಲಿ ಯಾವ ಕನ್ನಡಿಗರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ, ಕೇಕು ಕತ್ತರಿಸಿ ಮಕ್ಕಳೆಲ್ಲ ಬೇಸ್‌ಮೆಂಟಿಗೆ ಇಳಿದ ಮೇಲೆ ದೊಡ್ಡವರ ಮಾತು ಮೂರು ವಿಷಯಗಳ ಸುತ್ತ ತಿರುಗುತ್ತದೆ: ಮನೆ ಸಾಲದ ಬಡ್ಡಿ, ಬೆಂಗಳೂರಿನ ಟಿಕೆಟ್ಟಿನ ಬೆಲೆ, ಮಕ್ಕಳ ಕ್ಲಾಸುಗಳು. ಮೂರನೆಯದು ಬಂದಾಗ ಯಾರಾದರೊಬ್ಬರು ನನ್ನ ಕಡೆ ತಿರುಗುವುದು ಖಂಡಿತ. ಹಗಲೆಲ್ಲ ಪ್ರೋಗ್ರಾಂ ಬರೆಯುತ್ತಾ ಸ್ಕ್ಯಾನ್ ಚಿತ್ರಗಳ ಜೊತೆ ಗುದ್ದಾಡುವುದೇ ನನ್ನ ಕೆಲಸವಾದ್ದರಿಂದ, "ಕೋಡಿಂಗ್ ಕ್ಲಾಸಿಗೆ ಯಾವ ವಯಸ್ಸಿಗೆ ಹಾಕಬೇಕು?" ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲೇಬೇಕು ಎಂಬುದು ಎಲ್ಲರ ನಂಬಿಕೆ.

ಕೆಲವು ವರ್ಷಗಳ ಹಿಂದೆ ಆ ಪ್ರಶ್ನೆಯಲ್ಲಿ ಒಂದು ಬಗೆಯ ಭಯ ಇತ್ತು. ಆರು ವರ್ಷಕ್ಕೇ ಶುರು ಮಾಡದಿದ್ದರೆ ಮಗು ಹಿಂದೆ ಬಿದ್ದುಬಿಡುತ್ತದೇನೋ ಎಂದು. ಈಗ ಭಯ ಉಲ್ಟಾ ಆಗಿದೆ. "ಎಲ್ಲಾ ಎಐ ಬರೆಯುತ್ತಂತೆ, ಇನ್ನು ಕಲಿತು ಏನು ಪ್ರಯೋಜನ? ಹಾಕಿದ ದುಡ್ಡು ದಂಡ ಆಯ್ತಲ್ಲ!" ಎನ್ನುತ್ತಾರೆ. ನನ್ನ ಕಿವಿಗೆ ಎರಡೂ ಒಂದೇ ಪ್ರಶ್ನೆ. ಮಗುವಿಗೆ ಹದಿನೈದು ವರ್ಷದ ನಂತರ ಕೆಲಸ ಸಿಗುತ್ತದೋ ಇಲ್ಲವೋ ಎನ್ನುವುದು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಯಾರ ಹತ್ತಿರವೂ ಇದ್ದಂತಿಲ್ಲ.

ಆದರೆ ಒಂದು ಗಮನಿಸಿ. ಮಗಳನ್ನು ಸಂಗೀತದ ಕ್ಲಾಸಿಗೆ ಹಾಕುವಾಗ ನಾವ್ಯಾರೂ ಹಾಗೆ ಕೇಳುವುದಿಲ್ಲ. ಸರಳೆ ವರಸೆ ಹಾಡುವ ಮಗು ಮುಂದೆ ಕಛೇರಿ ಕೊಟ್ಟು ಸಂಪಾದಿಸಲಿ ಎಂದು ಯಾರೂ ಚಳಿಯಲ್ಲಿ ಹೈವೇ 400ರ ಟ್ರಾಫಿಕ್ಕಿನಲ್ಲಿ ಕಾರು ಓಡಿಸುವುದಿಲ್ಲ. ಹಾಡು ಬರಲಿ, ಹಾಡಿನಲ್ಲಿ ಒಂದು ಸುಖ ಇದೆ, ಅದು ಮಗುವಿಗೂ ಸಿಗಲಿ, ಅಷ್ಟೇ. ಪ್ರೋಗ್ರಾಂ ಬರೆಯುವುದನ್ನೂ ನಾನು ಅದೇ ಸಾಲಿನಲ್ಲಿಡುತ್ತೇನೆ. ಅಲ್ಲದೆ ಇಲ್ಲಿನ ಶಾಲೆ ತನ್ನ ಪಾಲಿನದನ್ನು ಮಾಡುತ್ತಿದೆ: 2020ರಲ್ಲಿ ಬಂದ ಒಂಟಾರಿಯೋದ ಗಣಿತ ಪಠ್ಯಕ್ರಮದಲ್ಲಿ ಒಂದನೇ ತರಗತಿಯಿಂದಲೇ ಕೋಡಿಂಗ್ ಇದೆ. ಹಾಗಾಗಿ ಹಿಂದೆ ಬೀಳುವ ಚಿಂತೆಯನ್ನು ಶಾಲೆಗೇ ಬಿಟ್ಟು, ಮನೆಯಲ್ಲಿ ಆಟ ಆಡಬಹುದು.

ಇದು ನನ್ನ ಸ್ವಂತ ಆವಿಷ್ಕಾರವೇನೂ ಅಲ್ಲ. ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ಗಣಕವಿಜ್ಞಾನಿ ತಮ್ಮ ಮಹಾಗ್ರಂಥದ ಮೊದಲ ಸಂಪುಟವನ್ನು 1968ರಲ್ಲಿ ಹೊರತಂದಾಗ ಅದಕ್ಕೆ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಎಂದು ಹೆಸರಿಟ್ಟರು. ವಿಜ್ಞಾನ ಅನ್ನದೆ ಕಲೆ ಎಂದದ್ದೇಕೆ ಎನ್ನುವುದನ್ನು 1974ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುವಾಗ ತಮ್ಮ ಭಾಷಣದ ವಿಷಯವನ್ನಾಗಿಯೇ ಮಾಡಿಕೊಂಡರು. ಪ್ರೋಗ್ರಾಂ ಬರೆಯುವುದರಲ್ಲಿ ಪದ್ಯ ಕಟ್ಟುವಾಗಿನ, ರಾಗ ಹಾಕುವಾಗಿನ ಸಂತೋಷವೇ ಇದೆ ಎಂಬುದು ಅವರ ವಾದದ ತಿರುಳು. ಬರೀ ಭಾಷಣದ ಮಾತಲ್ಲ. ಅದೇ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಅಚ್ಚುಕರಡು ಬಂದಾಗ ಅಕ್ಷರಗಳು ಅವರ ಕಣ್ಣಿಗೆ ವಿಕಾರವಾಗಿ ಕಂಡವು. ಮುಂದಿನ ಸಂಪುಟ ಬರೆಯುವುದನ್ನು ಪಕ್ಕಕ್ಕಿಟ್ಟು, 1977ರಲ್ಲಿ ಅಂದವಾಗಿ ಅಕ್ಷರ ಜೋಡಿಸುವ ಟೆಕ್ ಎಂಬ ತಂತ್ರಾಂಶ ಬರೆಯಲು ಕೂತರು. ವರ್ಷಗಟ್ಟಲೆ ಅದರಲ್ಲೇ ಮುಳುಗಿದ್ದು, ಮುಗಿದ ಮೇಲೆ ಎಲ್ಲರಿಗೂ ಉಚಿತವಾಗಿ ಕೊಟ್ಟರು. ನನ್ನ ಪಿಎಚ್‌ಡಿ ಪ್ರಬಂಧ ಅಚ್ಚಾದದ್ದು ಅದರ ಸಂತತಿಯ ತಂತ್ರಾಂಶದಲ್ಲಿ.

ಅಕ್ಷರದ ಮೇಲಿನ ಇಂಥ ಮೋಹ ನಮ್ಮಲ್ಲೂ ಕಡಿಮೆಯಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಮನೆಯ ಸಮಾಚಾರ.

ನಮ್ಮ ಮಗಳಿಗೆ ಹತ್ತು ವರ್ಷ. ಶನಿವಾರದ ಕನ್ನಡ ತರಗತಿಗೆ ನಾಲ್ಕು ವರ್ಷದಿಂದ ಹೋಗುತ್ತಿದ್ದಾಳೆ. ಕಾಗುಣಿತ ಬರುತ್ತದೆ, ಒತ್ತಕ್ಷರ ಬಂದರೆ ಗಾಡಿ ನಿಲ್ಲುತ್ತದೆ. ಹೋದ ಸೆಪ್ಟೆಂಬರಿನಲ್ಲಿ, "ಅಮ್ಮಾ, ಈ ವರ್ಷದಿಂದ ನಾನು ಕನ್ನಡ ಕ್ಲಾಸಿಗೆ ಹೋಗಲ್ಲ. ಐ ಕ್ಯಾನ್ ಟಾಕ್ ಆಲ್ರೆಡಿ. ಓದಿ ಏನ್ ಮಾಡ್ಬೇಕು?" ಎಂದಳು. ಈ ಪತ್ರಿಕೆಯ ಓದುಗರಲ್ಲಿ ಅರ್ಧ ಜನರ ಮನೆಯಲ್ಲಾದರೂ ಈ ಮಾತು ಬಂದಿರುತ್ತದೆ. ಅಜ್ಜ ಅಜ್ಜಿಯ ಹತ್ತಿರ ಮಾತಾಡಬೇಕಲ್ಲ ಎನ್ನುವುದು ನಮ್ಮೆಲ್ಲರ ಸಿದ್ಧ ಉತ್ತರ. ಅದಕ್ಕೂ ಅವಳಲ್ಲಿ ಜವಾಬು ಇತ್ತು. "ತಾತ ಕೇಳೋದು ಊಟ ಆಯ್ತಾ, ಸ್ನೋ ಬಿತ್ತಾ. ಅದಕ್ಕೆ ರೀಡಿಂಗ್ ಬೇಡ."

ನಿಜ. ನನ್ನ ಅಪ್ಪ ಹಾಸನದಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಮೊಮ್ಮಗಳ ಜೊತೆ ಫೋನಿನಲ್ಲಿ ಅವರ ಪಾಂಡಿತ್ಯವೆಲ್ಲ "ಊಟ ಆಯ್ತಾ ಪುಟ್ಟಿ?"ಗೆ ಇಳಿದಿತ್ತು.

ಕ್ಲಾಸು ಬಿಡುವ ಬಿಡದ ಚರ್ಚೆಯನ್ನು ಕ್ರಿಸ್‌ಮಸ್ ರಜೆಯ ತನಕ ಮುಂದೂಡಿದೆವು. ಆ ನಡುವೆ ಅವಳು ಶಾಲೆಯಲ್ಲಿ ಪೈಥಾನ್ ಸ್ವಲ್ಪ ನೋಡಿಕೊಂಡು ಬಂದಿದ್ದಳು. ಒಂದು ಪದ ಕೊಟ್ಟರೆ ಅದರಲ್ಲಿ ಎಷ್ಟು ಅಕ್ಷರ ಇದೆ ಎಂದು ಎಣಿಸಿ ಹೇಳುವ ಒಂದು ಸಾಲಿನ ಆಜ್ಞೆ ಬರೆದು ತಮ್ಮನ ಹೆಸರು, ನನ್ನ ಹೆಸರು, ಶಾಲೆಯ ಹೆಸರು ಎಲ್ಲ ಹಾಕಿ ನೋಡುತ್ತಿದ್ದಳು. ಕನ್ನಡದಲ್ಲಿ 'ಕನ್ನಡ' ಅಂತ ಹಾಕಿ ನೋಡು ಎಂದೆ. ಹಾಕಿದಳು. ಉತ್ತರ ಬಂತು: 5.

"ರಾಂಗ್," ಎಂದಳು. "ಕ, ನ್ನ, ಡ. ಮೂರು."

ನೀವೂ ಮೂರು ಎನ್ನುತ್ತೀರಿ. ಒಂದನೇ ಕ್ಲಾಸಿನ ಮೇಷ್ಟ್ರೂ ಮೂರು ಎನ್ನುತ್ತಾರೆ. ಕಂಪ್ಯೂಟರ್ ಮಾತ್ರ ಐದು ಎನ್ನುತ್ತದೆ, ಮತ್ತು ಅದರ ಲೆಕ್ಕದಲ್ಲಿ ಅದೂ ಸರಿ. ಪದವನ್ನು ಬಿಡಿಸಿ ತೋರಿಸು ಎಂದರೆ ಹೀಗೆ ತೋರಿಸುತ್ತದೆ: ಕ, ನ, ಒಂದು ಅರ್ಧಕದ ಗುರುತು, ಮತ್ತೆ ನ, ಡ. ಯುನಿಕೋಡ್‌ನಲ್ಲಿ ನಮ್ಮ ಲಿಪಿ ಇರುವುದೇ ಹಾಗೆ. 'ನ್ನ' ಎಂಬ ಒತ್ತಕ್ಷರಕ್ಕೆ ಅಲ್ಲಿ ಸ್ವಂತ ಸ್ಥಾನವಿಲ್ಲ. ನ, ಅದರ ಅಕಾರವನ್ನು ಕಿತ್ತುಹಾಕುವ ಒಂದು ಗುರುತು, ಆಮೇಲೆ ಇನ್ನೊಂದು ನ. ತೆರೆಯ ಮೇಲೆ ಒತ್ತಾಗಿ ಬರೆಯುವುದು ಅಕ್ಷರಶೈಲಿಯ ಕೆಲಸ. 'ಸ್ತ್ರೀ' ಹಾಕಿದರೆ 6 ಬರುತ್ತದೆ. ಅವಳಿಗೆ ಇದು ವಿಚಿತ್ರ ಎನಿಸಿತು, ವಿಚಿತ್ರ ಎನಿಸಿದ್ದರಿಂದಲೇ ರುಚಿ ಹತ್ತಿತು. ಬಚ್ಚಲಿನ ಶಾಂಪೂ ಬಾಟಲಿ ಬಿಟ್ಟು ಮನೆಯಲ್ಲಿದ್ದ ಕನ್ನಡದ ಎಲ್ಲದರ ಮೇಲಿನ ಪದಗಳನ್ನೂ ಹಾಕಿ ನೋಡಿದಳು: ಉಪ್ಪಿನಕಾಯಿ ಬಾಟಲಿ, ಕ್ಯಾಲೆಂಡರ್, ಪಂಚಾಂಗ.

ಇದರ ಮಧ್ಯೆ ನಾನು ನಿರೀಕ್ಷಿಸದ ಒಂದು ಲಾಭ ಆಯಿತು. ಅರ್ಕಾವತ್ತು ಅವಳಿಗೆ ನಾಲ್ಕು ವರ್ಷದಿಂದ ತಲೆನೋವು. 'ಸೂರ್ಯ' ಎಂಬುದನ್ನು ಪ್ರತಿ ಸಲವೂ 'ಸೂಯ್ರ' ಎಂದೇ ಓದುತ್ತಿದ್ದಳು. ಪಾಪ, ಕಣ್ಣಿಗೆ ಯ ಮೊದಲು ಕಾಣುತ್ತದೆ, ಅರ್ಕಾವತ್ತು ಆಮೇಲೆ ಕಾಣುತ್ತದೆ, ಅವಳ ತಪ್ಪೇನು? ಪೈಥಾನ್ ಆ ಪದವನ್ನು ಬಿಡಿಸಿ ಇಟ್ಟಾಗ ಸ, ಊಕಾರದ ಕೊಂಬು, ರ, ಅರ್ಧಕದ ಗುರುತು, ಯ ಎಂದು ಬಂತು. ಬಾಯಲ್ಲಿ ಹೇಳುವ ಕ್ರಮದಲ್ಲೇ ರ ಮೊದಲು, ಯ ಆಮೇಲೆ. "ಓ! ಕಂಪ್ಯೂಟರ್ ಕಿವಿಯಿಂದ ಕೇಳತ್ತೆ, ನಾನು ಕಣ್ಣಿಂದ ನೋಡ್ತೀನಿ," ಎಂದಳು. ಅಂದಿನಿಂದ ಸೂರ್ಯ ಸೂರ್ಯನೇ.

ಮುಂದಿನ ಆಟ ಪದ ತಿರುಗಿಸುವುದು. 'ಕನ್ನಡ' ತಿರುಗಿಸಿದಳು, 'ಡನ್ನಕ' ಬಂತು. ಸರಿಯಾಗಿದೆ. 'ಗದಗ' ತಿರುಗಿಸಿದರೆ ಗದಗ, 'ಕನಕ' ತಿರುಗಿಸಿದರೆ ಕನಕ. ಮುಗೀತು, ಪ್ರೋಗ್ರಾಂ ಸರಿಯಿದೆ ಎಂದು ತೀರ್ಮಾನವಾಯಿತು. ಆಗ ತಾತನ ಊರನ್ನು ತಿರುಗಿಸು ಎಂದೆ. 'ಹಾಸನ' ಹೋಗಿ 'ನಸಾಹ' ಆಯಿತು. ಹಾ ಎಂಬುದರ ದೀರ್ಘ ಕಳಚಿಕೊಂಡು ಪಕ್ಕದ ಸ ಮೇಲೆ ಹೋಗಿ ಕೂತಿದೆ! 'ಪುಸ್ತಕ' ಹೋಗಿ 'ಕತ್ಸುಪ'. 'ಮೈಸೂರು' ತಿರುಗಿಸಿದರೆ ಉಕಾರದ ಕೊಂಬೊಂದು ಹಿಡಿದುಕೊಳ್ಳಲು ವ್ಯಂಜನ ಸಿಗದೆ ಮುಂದೆ ಒಂಟಿಯಾಗಿ, ಚುಕ್ಕಿ ಚುಕ್ಕಿಯ ಸೊನ್ನೆಗೆ ಜೋತುಬಿದ್ದು ನಿಂತಿತ್ತು. ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು.

'ಡನ್ನಕ' ಸರಿಬಂದದ್ದು ಅದೃಷ್ಟ, ಏಕೆಂದರೆ ಅಲ್ಲಿ ಒತ್ತು ಕೊಟ್ಟದ್ದೂ ಒತ್ತಿಸಿಕೊಂಡದ್ದೂ ಒಂದೇ ನ. ಇದನ್ನು ನಾನು ಹೇಳಲಿಲ್ಲ. ಮರುದಿನ ಶಾಲೆಯಿಂದ ಬಂದವಳು ಜಾಕೆಟ್ ಕೂಡ ತೆಗೆಯದೆ ತಾನೇ ಹೇಳಿದಳು.

ಇಲ್ಲಿಗೆ ಬಂದಾಗ ತೆನಾಲಿ ರಾಮ ನೆನಪಾದ. ಕಾಳಿ ಅವನಿಗೆ ವಿಕಟಕವಿಯಾಗು ಎಂದಳಂತೆ, ಅವನು ಹಿಂದಿನಿಂದ ಓದಿದರೂ ಅದೇ ಅಲ್ಲವೇ ಎಂದು ಖುಷಿಪಟ್ಟನಂತೆ. ಈ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆದರೆ ಕಂಪ್ಯೂಟರಿಗೆ 'ವಿಕಟಕವಿ' ತಿರುಗಿಸಿದರೆ ಅದೇ ಬರುತ್ತದಾ ಎಂದು ಕೇಳಿದರೆ ಇಲ್ಲ ಎನ್ನುತ್ತದೆ! ಕೊನೆಯ ವಿ ಒಡೆದು ಗುಡಿಸು ಒಂದು ಕಡೆ, ವ ಒಂದು ಕಡೆ ಆಗಿರುತ್ತದೆ. ಕಾಳಿಗೆ ಗೊತ್ತಿದ್ದದ್ದು ಪೈಥಾನಿಗೆ ಗೊತ್ತಿಲ್ಲ. ಅದಕ್ಕೆ ಕಲಿಸಬೇಕು, ಕಲಿಸಬೇಕಾದರೆ ಅಕ್ಷರ ಎಂದರೇನು ಎಂದು ಮೊದಲು ನಮಗೆ ಗೊತ್ತಿರಬೇಕು.

ಎರಡು ವಾರ ಹಿಡಿಯಿತು. ನಾನು ಅಡುಗೆಮನೆಯಿಂದ ಪ್ರಶ್ನೆ ಕೇಳಿದ್ದು ಬಿಟ್ಟರೆ ಕೈ ಹಾಕಲಿಲ್ಲ. ಕೊನೆಗೆ ಅವಳು ಕಂಡುಕೊಂಡ ನಿಯಮ ಇಷ್ಟು: ಪದದ ಚೂರುಗಳನ್ನು ಒಂದೊಂದಾಗಿ ತೆಗೆದುಕೊಳ್ಳಬೇಕು. ಚೂರು ಕಾಗುಣಿತದ ಗುರುತೋ, ಅರ್ಧಕದ ಗುರುತೋ, ಅನುಸ್ವಾರವೋ, ವಿಸರ್ಗವೋ ಆಗಿದ್ದರೆ ಹಿಂದಿನ ಅಕ್ಷರಕ್ಕೆ ಅಂಟಿಸಬೇಕು. ಹಿಂದಿನದು ಅರ್ಧಕದಲ್ಲಿ ಮುಗಿದಿದ್ದರೆ ಈಗ ಬಂದ ವ್ಯಂಜನವನ್ನೂ ಅದಕ್ಕೇ ಅಂಟಿಸಬೇಕು. ಇಲ್ಲವಾದರೆ ಹೊಸ ಅಕ್ಷರ ಶುರು. ಹತ್ತು ಸಾಲಿನ ಪ್ರೋಗ್ರಾಂ. ಯೋಚಿಸಿ ನೋಡಿ, ಗುಣಿತಾಕ್ಷರ, ಸಂಯುಕ್ತಾಕ್ಷರ, ಯೋಗವಾಹ ಎಂದು ನಾವು ಬಾಯಿಪಾಠ ಮಾಡಿದ ವ್ಯಾಕರಣದ ಅಧ್ಯಾಯವೇ ಇದು. ಶನಿವಾರದ ತರಗತಿಯಲ್ಲಿ ಅದನ್ನೇ ಅವಳಿಗೆ ಹೇಳಿಕೊಟ್ಟಿದ್ದರು. ಆಗ ಅದು ಪರೀಕ್ಷೆಗೆ ಬರುವ ಪ್ರಶ್ನೆಯಾಗಿತ್ತು. ಈಗ ವಿಕಟಕವಿಯನ್ನು ತಿರುಗಿಸಲು ಬೇಕಾದ ಉಪಕರಣ.

ಇನ್ನೊಂದು ಸಣ್ಣ ಸಂಗತಿ. ಪೈಥಾನಿನಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. 'ಪದ', 'ಅಕ್ಷರಗಳು', 'ಹಿಂದಿನದು' ಎಂದೆಲ್ಲ ಹೆಸರಿಡಬಹುದು, ಅದು ಒಪ್ಪುತ್ತದೆ. 'ಇಫ್', 'ಫಾರ್' ಮುಂತಾದ ಅದರ ಸ್ವಂತ ಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಮಗಳು ತಾನು ಬರೆದದ್ದನ್ನು ಜೋರಾಗಿ ಓದಿದಳು: "ಫಾರ್ ಅಕ್ಷರ ಇನ್ ಪದ... ಅಮ್ಮಾ, ಇದು ಎಗ್ಸಾಕ್ಟ್ಲಿ ನಮ್ಮನೆ ಥರಾನೇ ಮಾತಾಡತ್ತೆ!"

ಈಗ ಆಗಲೇ ಮಾತು ಕೊಟ್ಟಿದ್ದ ವಿಷಯ. ನಮ್ಮ ಮಕ್ಕಳು ಇವತ್ತು ಕೆನಡಾದಲ್ಲಿ ಕೂತು ಕನ್ನಡ ಟೈಪ್ ಮಾಡುತ್ತಾರೆಂದರೆ ಅದರ ಹಿಂದೆ ಹೀಗೆ ಅಕ್ಷರದ ಜೊತೆ ಆಡಿದ ಕೆಲವು ದೊಡ್ಡವರಿದ್ದಾರೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕನ್ನಡದ ಟೈಪ್‌ರೈಟರಿನಲ್ಲಿ ಅಕ್ಷರದ ಆಕಾರಗಳನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ರಾಯರು ಆಕಾರ ಬಿಟ್ಟು ಉಚ್ಚಾರ ಹಿಡಿದರು. ಇಂಗ್ಲಿಷಿನ 26 ಕೀಲಿಗಳಲ್ಲೇ, ಶಿಫ್ಟ್ ಕೂಡ ಬಳಸಿಕೊಂಡು, ಇಡೀ ವರ್ಣಮಾಲೆಯನ್ನು ಕೂರಿಸಿದರು. ವ್ಯಂಜನದ ಕೀಲಿ ಒತ್ತಿದರೆ ಅಕಾರ ಸಹಿತ ಅಕ್ಷರ ಬರುತ್ತದೆ, ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಕೀಲಿ. ಆ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಎಷ್ಟು ಸಲ ಬೆರಳು ಒತ್ತಬೇಕು? ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು! ಮಗಳಿಗೆ ಇದನ್ನು ತೋರಿಸಿದಾಗ ಪೈಥಾನಿನ ಆ ಮೊದಲ ದಿನದ 5 ಎಲ್ಲಿಂದ ಬಂತು ಎಂಬುದು ಬೆರಳಿಗೇ ಅರ್ಥವಾಯಿತು. ರಾಯರು ತಮ್ಮ ಕನ್ನಡ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ. ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಮುಂದೆ ಸರ್ಕಾರದ 'ನುಡಿ' ತಂತ್ರಾಂಶವೂ ಆ ವಿನ್ಯಾಸದ ಮೇಲೇ ನಿಂತಿತು. ಸೇಡಿಯಾಪು ಛಂದಸ್ಸಿನ ದೊಡ್ಡ ಪಂಡಿತರು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಹೊರದೇಶದ ಕನ್ನಡಿಗರಲ್ಲಿ ಎಷ್ಟೋ ಜನ ಊರಿಗೆ ಕನ್ನಡದಲ್ಲಿ ಮೊದಲ ಇಮೇಲ್ ಬರೆದದ್ದು ಅದನ್ನು ಪುಕ್ಕಟೆಯಾಗಿ ಇಳಿಸಿಕೊಂಡೇ. ಇನ್ನು ಯು. ಬಿ. ಪವನಜ ಅವರು, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು ಕನ್ನಡದ ಗಣಕ ಕೆಲಸಕ್ಕೆ ಹೊರಳಿದವರು, ಮಕ್ಕಳಿಗಾಗಿ 'ಲೋಗೋ' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕನ್ನಡಕ್ಕೆ ತಂದರು. ಪಿಎಚ್‌ಡಿ ಮಾಡಿದ ರಸಾಯನ ವಿಜ್ಞಾನಿಯೊಬ್ಬರು ಆಮೆಗೆ ಕನ್ನಡದಲ್ಲಿ ಆಜ್ಞೆ ಕೊಡುವ ತಂತ್ರಾಂಶ ಬರೆಯಲು ಕೂತದ್ದನ್ನು ನೆನೆದರೆ, ನನ್ನಂಥ ಪ್ರಯೋಗಾಲಯದವರಿಗೆ ಒಳಗೊಳಗೇ ಹೊಟ್ಟೆಕಿಚ್ಚು.

ಆಮೆ ಎಂದೆನಲ್ಲ. ಲೋಗೋ ಹುಟ್ಟಿದ್ದು 1967ರಲ್ಲಿ ಅಮೆರಿಕದಲ್ಲಿ, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೊಯರ್ಜೈಗ್ ಅವರ ಕೈಯಲ್ಲಿ. ತೆರೆಯ ಮೇಲೆ ಒಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಎಂದರೆ ಹೋಗುತ್ತಾ ಗೆರೆ ಎಳೆಯುತ್ತದೆ. ಪೈಥಾನಿನೊಳಗೂ ಆ ಆಮೆ ಇದೆ. ಆರು ವರ್ಷದ ನಮ್ಮ ಮಗನ ರಾಜ್ಯ ಅದು. ನೂರು ಹೆಜ್ಜೆ ನಡೆ, 60 ಡಿಗ್ರಿ ತಿರುಗು, ಆರು ಸಲ ಮಾಡು ಎಂದರೆ ಷಟ್ಕೋನ. 144 ಡಿಗ್ರಿಯಂತೆ ಐದು ಸಲ ಎಂದರೆ ನಕ್ಷತ್ರ. ಒಂದು ಚೌಕ ಬರೆದು, ಹತ್ತು ಡಿಗ್ರಿ ತಿರುಗಿ ಮತ್ತೆ ಚೌಕ, ಹೀಗೆ 36 ಸಲ ಮಾಡಿದರೆ ಬಾಗಿಲ ಮುಂದೆ ಇಡುವಂಥ ರಂಗೋಲಿ. ನನ್ನ ಅಮ್ಮ ಅದನ್ನು ಫೋನಿನಲ್ಲಿ ನೋಡಿ, "ಚುಕ್ಕಿ ಇಲ್ಲದೆ ಎಂಥಾ ರಂಗೋಲಿಯೋ? ಏಳರಿಂದ ಒಂದರ ತನಕ ಚುಕ್ಕಿ ಇಡೋಕೆ ಹೇಳು ಅದಕ್ಕೆ," ಎಂದರು. ಅದು ಪಕ್ಕಾ ಪ್ರೋಗ್ರಾಮರಿನ ಮಾತು, ಒಂದರೊಳಗೊಂದು ಸುತ್ತು. ಮದ್ರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ 1974ರಲ್ಲೇ ತಮಿಳರ ಕೋಲಂಗೆ ವ್ಯಾಕರಣ ಕಟ್ಟಿ ಸಂಶೋಧನಾ ಪ್ರಬಂಧ ಬರೆದಿದ್ದಾರೆ. ಅಮ್ಮನಿಗೆ ಹೇಳಿದೆ. "ಅದಕ್ಕೂ ಡಿಗ್ರಿ ಕೊಡ್ತಾರಾ?" ಎಂದು ಕೇಳಿದರು.

ಮಗಳ ಕತೆಗೆ ಮರಳೋಣ. ಅಕ್ಷರ ಬಿಡಿಸುವ ಪ್ರೋಗ್ರಾಂ ಸಿದ್ಧವಾದ ಸಂಜೆ ತಾತನಿಗೆ ಫೋನ್ ಹೋಯಿತು. ಚಳಿಗಾಲದಲ್ಲಿ ನಮ್ಮ ಸಂಜೆ ಏಳೂವರೆಗೆ ಹಾಸನದಲ್ಲಿ ಬೆಳಗಿನ ಆರು. ಅಪ್ಪ ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೆ ಮೂವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ ಪರೀಕ್ಷೆ ಮಾಡುವುದು ಚೆನ್ನಾಗಿ ಗೊತ್ತು. "ಸ್ವಾತಂತ್ರ್ಯ ಹಾಕು ನೋಡೋಣ," ಎಂದರು. ಹನ್ನೊಂದು ಚೂರು, ಮೂರು ಅಕ್ಷರ. ಪಾಸ್. "ಬಸ್ಸು ಅನ್ಬೇಡ, ಬಸ್ ಅಂತ ಹಾಕು." ತಿರುಗಿಸಿದರೆ 'ಸ್ಬ' ಬಂತು. ಅದು ಸರಿಯೋ, 'ಸಬ್' ಸರಿಯೋ ಎಂದು ತಾತ ಮೊಮ್ಮಗಳು ಒಂದು ಗಂಟೆ ವಾದ ಮಾಡಿದರು. ಅದರ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ. ಊಟ ಆಯ್ತಾ ಎಂದು ಆ ದಿನ ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಅಪ್ಪ ವಾಟ್ಸಾಪಿನಲ್ಲಿ ದಿನಕ್ಕೊಂದು ಪದ ಕಳಿಸತೊಡಗಿದರು. ವಾರ ಕಳೆದ ಮೇಲೆ, "ಅಕ್ಷರ ಬಿಡಿಸೋದು ಬಂತಲ್ಲ, ಇನ್ನು ಪ್ರಸ್ತಾರ ಹಾಕ್ಸು ನಿನ್ನ ಮೆಷೀನಿಗೆ," ಎಂದರು. ಲಘು ಗುರು! ಒಂಬತ್ತನೇ ಕ್ಲಾಸಿನಲ್ಲಿ ನಮ್ಮನ್ನೆಲ್ಲ ಕಾಡಿದ ಅದೇ ಲಘು ಗುರು. ದೀರ್ಘವಾದರೆ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು, ಕೊನೆಯ ಅರ್ಧಾಕ್ಷರ ತನ್ನ ಹಿಂದಿನದನ್ನು ಗುರು ಮಾಡುತ್ತದೆ, ಉಳಿದದ್ದು ಲಘು. ಮನುಷ್ಯರಿಗೆ ಹೇಳಿಕೊಟ್ಟರೆ ನಿದ್ದೆ ಬರುವ ಈ ಪಟ್ಟಿ, ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಬಿಸಿ ಬಿಸಿ ಬೋಂಡ. ಮೂರೇ ದಿನದಲ್ಲಿ ಬರೆದಳು. ಕನ್ನಡ: ಗುರು ಲಘು ಲಘು, ಭಗಣ. ಹಾಸನವೂ ಭಗಣ. ಕೆನಡಾ ಸಗಣ, ಟೊರಾಂಟೊ ಜಗಣ. ನಮ್ಮ ವಾನ್ ಪಾಪ ಒಂದೇ ಒಂದು ಗುರು, ಗಣವೂ ಆಗುವುದಿಲ್ಲ.

ಗಣಗಳನ್ನು ನೆನಪಿಡಲು ನಮಗೆ ಹೇಳಿಕೊಟ್ಟ 'ಯಮಾತಾರಾಜಭಾನಸಲಗಂ' ಇದೆಯಲ್ಲ, ಅದರ ಸೊಗಸು ನನಗೇ ಗೊತ್ತಾದದ್ದು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ. ಹತ್ತು ಅಕ್ಷರದ ಆ ಸೂತ್ರದಲ್ಲಿ ಯಾವ ಅಕ್ಷರದಿಂದ ಮೂರು ಎಣಿಸಿದರೂ ಆ ಅಕ್ಷರದ ಗಣವೇ ಸಿಗುತ್ತದೆ, ಎಂಟೂ ಗಣಗಳು ಒಂದೊಂದೇ ಸಲ. ಗುರುವನ್ನು ಒಂದು, ಲಘುವನ್ನು ಸೊನ್ನೆ ಎಂದುಕೊಂಡರೆ ಮೂರು ಸ್ಥಾನದ ಎಂಟೂ ದ್ವಿಮಾನ ಸಂಖ್ಯೆಗಳು ಹತ್ತೇ ಅಂಕಿಗಳ ಸಾಲಿನಲ್ಲಿ ಅಡಗಿವೆ.

ಇನ್ನೂ ಇದೆ. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಸೇರಿಸಿ ಮೂರು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಮಾಡಬಹುದು? ಮೂರು. ನಾಲ್ಕು ಮಾತ್ರೆ? ಐದು. ಐದು ಮಾತ್ರೆ? ಎಂಟು. ಕೊನೆಯದು ಲಘುವಾದರೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಮಾತ್ರೆ ಕಡಿಮೆ, ಹಾಗಾಗಿ ಹಿಂದಿನೆರಡನ್ನು ಕೂಡಿದರೆ ಮುಂದಿನದು. ಶಾಲೆಯಲ್ಲಿ ಇದನ್ನೇ ಫಿಬೊನಾಚಿ ಎಂದು ಕಲಿಸುತ್ತಾರೆ. ಇಟಲಿಯ ಫಿಬೊನಾಚಿ ಪುಸ್ತಕ ಬರೆದದ್ದು 1202ರಲ್ಲಿ. ವಿರಹಾಂಕ, ಹೇಮಚಂದ್ರ ಮುಂತಾದ ನಮ್ಮ ಛಂದಸ್ಸಿನವರು ಅದಕ್ಕೂ ಮೊದಲೇ ಪದ್ಯದ ಮಾತ್ರೆ ಎಣಿಸುತ್ತಾ ಇಲ್ಲಿಗೆ ಬಂದಿದ್ದರು. ಕ್ನೂತ್ ತಮ್ಮ ಮೊದಲ ಸಂಪುಟದಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಮಗಳು ಶಾಲೆಯ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡಳು. ಫಲಕದ ಮೇಲೆ 'ಕುಮಾರವ್ಯಾಸ' ಎಂದು ಕನ್ನಡದಲ್ಲೇ ಬರೆದಳು, ಯಾರೂ ಹೇಳಿರಲಿಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು ಸಣ್ಣ ಸಾಲಿಗೆ 14 ಮಾತ್ರೆ, ದೊಡ್ಡ ಸಾಲಿಗೆ 23, ಪದ್ಯಕ್ಕೆ ಒಟ್ಟು 102 ಎಂಬುದನ್ನು ಅವಳ ಪ್ರೋಗ್ರಾಂ ತಾಳೆ ನೋಡಿ ಹೇಳುತ್ತದೆ.

ಇದರಿಂದ ಅವಳ ಮಾತಿನ ಕನ್ನಡ ಹೆಚ್ಚಾಯಿತೇ ಎಂದು ನೀವು ಕೇಳಬಹುದು. ಹೆಚ್ಚೇನೂ ಇಲ್ಲ. ತಮ್ಮನ ಜೊತೆ ಜಗಳ ಇನ್ನೂ ಇಂಗ್ಲಿಷಿನಲ್ಲೇ. ಕುಮಾರವ್ಯಾಸನ ಪದ್ಯದ ಮಾತ್ರೆ ಎಣಿಸಬಲ್ಲಳು, ಅರ್ಥ ಕೇಳಿದರೆ ತಾತನ ಕಡೆ ಕೈ ತೋರಿಸುತ್ತಾಳೆ. ಕ್ಲಾಸು ಬಿಡುವ ವಿಷಯವೂ ಪೂರ್ತಿ ತೀರ್ಮಾನವಾಗಿಲ್ಲ, ಜೂನ್ ತನಕ ಹೋಗುತ್ತೇನೆ ಎಂದಿದ್ದಾಳೆ. ಓದಿ ಏನು ಮಾಡಬೇಕು ಎಂದು ಮಾತ್ರ ಆಮೇಲೆ ಕೇಳಿಲ್ಲ.

ಎಐ ಬಗ್ಗೆ ಕೇಳಿದವರಿಗೆ: ಹೌದು, ಈ ಪ್ರೋಗ್ರಾಮುಗಳನ್ನೆಲ್ಲ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಡುತ್ತದೆ. ಪದಬಂಧದ ಉತ್ತರ ಮರುದಿನದ ಪೇಪರಿನಲ್ಲಿ ಬರುತ್ತದೆಂದು ನನ್ನ ಅಪ್ಪ ಯಾವತ್ತೂ ಪದಬಂಧ ತುಂಬುವುದನ್ನು ಬಿಟ್ಟಿಲ್ಲ.

ಅಪ್ಪನ ಇತ್ತೀಚಿನ ಸವಾಲು ಹಳಗನ್ನಡದ್ದು. ಅಲ್ಲಿ ಕೆಲವು ಪದಗಳಲ್ಲಿ ರ್, ಲ್, ಳ್ ಒತ್ತಿಕೊಂಡು ಬಂದರೂ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ, ಅದಕ್ಕೆ ಶಿಥಿಲದ್ವಿತ್ವ ಎನ್ನುತ್ತಾರೆ. ಮಗಳ ನಿಯಮ ಅಲ್ಲಿ ಮುರಿದುಬಿತ್ತು. "ಯಾವಾಗ ಶಿಥಿಲ, ಯಾವಾಗ ಅಲ್ಲ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗ್ಬೇಕು ತಾತಾ?" ಎಂದು ಕೇಳಿದಳು. "ನಂಗೂ ಕಿವೀಲೇ ಗೊತ್ತಾಗೋದು ಕಣಮ್ಮ. ಭಾನುವಾರ ಓದಿ ತೋರಿಸ್ತೀನಿ, ಕೇಳು," ಎಂದರು ಅಪ್ಪ.

ನಿಮ್ಮ ಮನೆಯಲ್ಲೂ ಆಡಿಸುವುದಾದರೆ ಖರ್ಚೇನೂ ಇಲ್ಲ. ಪೈಥಾನ್ ಉಚಿತ. ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ಓಡಿಸುವ ಪುಟಗಳೂ ಇವೆ, ಕನ್ನಡದ ಮಟ್ಟಿಗೆ ಅದೇ ಒಳ್ಳೆಯದು, ಏಕೆಂದರೆ ಕಪ್ಪು ಪರದೆಯ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಆಗಾಗ ಚದುರಿಹೋಗುತ್ತವೆ. ಕಂಪ್ಯೂಟರಿನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಳ್ಳಿ. ಅಕ್ಷರ ಎಣಿಸಲು ಒಂದು ಸಾಲು, ತಿರುಗಿಸಲು ಒಂದು ಸಾಲು, ಮೊದಲ ದಿನಕ್ಕೆ ಅಷ್ಟು ಸಾಕು. ಮಗು ತನ್ನ ಹೆಸರನ್ನೇ ಮೊದಲು ಹಾಕಲಿ, ಹೆಸರಿನಲ್ಲಿ ಒತ್ತಕ್ಷರ ಇದ್ದರೆ ಇನ್ನೂ ಚೆನ್ನ. ಗದಗ, ಜಲಜ, ನಯನ ಆದ ಮೇಲೆ ಸಮಾಸ, ನವೀನ ಕೊಡಿ. ಅಲ್ಲಿ ಎಡವುತ್ತದೆ, ಎಡವಲಿ, ಉತ್ತರ ಹೇಳಬೇಡಿ. ಮದ್ರಾಸಿನ ಸಿದ್ರಾಮ ಹಾಕುವಾಗ ನಡುವಿನ ಖಾಲಿ ಜಾಗ ತೆಗೆದು ಹಾಕಬೇಕು. ಪ್ರೋಗ್ರಾಂ ಪೂರ್ತಿಯಾದ ದಿನ ಪರೀಕ್ಷೆಗೆ 'ಕುಬೇರನಿಗೇನಿರಬೇಕು' ಕೊಡಿ, ಊರಿಗೆ ಫೋನ್ ಹಚ್ಚಿ, ಇಂಥದ್ದು ಇನ್ಯಾವುದು ಗೊತ್ತು ಎಂದು ಅಜ್ಜ ಅಜ್ಜಿಯನ್ನು ಮಗುವೇ ಕೇಳಲಿ.